ಒಣಮೀನಿನ ವಾಸನೆಯ ಮಾನಿಟರ್

ಜುಲೈ ತಿಂಗಳ ಒಂದು ಬೆಳಿಗ್ಗೆ ಅಮ್ಮ ನನ್ನ ಕೋಣೆ ಬಾಗಿಲಲ್ಲಿ ನಿಂತು ಮೂಗರಳಿಸಿದರು. "ಮಳೆಗಾಲಕ್ಕೆ ಅಂತ ತೆಗೆದಿಟ್ಟ ಒಣಮೀನು ನೀನೇ ತಂದಿಟ್ಟುಕೊಂಡಿದ್ದೀಯಾ?" ಬೆಕ್ಕಿಗೂ ಅದೇ ಅನುಮಾನ. ಎರಡು ದಿನದಿಂದ ನನ್ನ 14 ಇಂಚಿನ, ಪಿಕ್ಚರ್ ಟ್ಯೂಬಿನ ಹಳೇ ಕಂಪ್ಯೂಟರ್ ಮಾನಿಟರ್ ಬಿಟ್ಟು ಕದಲಿರಲಿಲ್ಲ.

ಮಾನಿಟರ್‌ಗೂ ಹುಷಾರಿರಲಿಲ್ಲ. ಚಿತ್ರ ಮೇಲೆ ಕೆಳಗೆ ಕುಗ್ಗಿ, ಮೇಲಿನ ಸಾಲುಗಳು ಸೀರೆ ನೆರಿಗೆಯ ಹಾಗೆ ಮಡಚಿಕೊಂಡಿದ್ದವು. ಬಿಚ್ಚಿ ನೋಡಿದರೆ ಮೀನು ಅಲ್ಲೇ ಇತ್ತು. ಬೋರ್ಡಿನ ಮೇಲೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಅಂತ, ಕರೆಂಟನ್ನು ಕೂಡಿಟ್ಟು ಬಿಡುವ ಪುಟ್ಟ ಡಬ್ಬಿಗಳಿರುತ್ತವೆ. ಅವುಗಳ ಒಳಗೆ ಒಂದು ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿಗೆ ಅದು ಒಣಗುತ್ತದೆ, ಇಲ್ಲವೇ ಅಡಿಯ ರಬ್ಬರ್ ಬಿರಡೆಯಿಂದ ಸೋರುತ್ತದೆ. ಸೋರಿದ್ದರಲ್ಲಿ ಕೆಲವು ಥೇಟ್ ಮೀನಿನ ಹಾಗೇ ನಾರುತ್ತವೆ. ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಮಂಚದ ಕೆಳಗೆ ಹುಡುಕುತ್ತಲೇ ಇದ್ದರು.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊಸ ಕೆಪಾಸಿಟರ್ ತಂದೆ. ಹಳೆಯವು 85 ಡಿಗ್ರಿ ಬಿಸಿ ತಡೆಯುವಂಥವು, ಇವು 105 ಡಿಗ್ರಿಯವು. ಎಲ್ಲ ಸೇರಿಸಿದರೂ ಬಸ್ ಚಾರ್ಜಿನಷ್ಟಾಗಲಿಲ್ಲ.

ಆಮೇಲೆ ಭಯದ ಕೆಲಸ. ಪಿಕ್ಚರ್ ಟ್ಯೂಬಿನ ಬೆನ್ನಲ್ಲಿರುವ ರಬ್ಬರ್ ಟೋಪಿಯ ಕೆಳಗೆ 20,000 ವೋಲ್ಟ್ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಒಂದಿಷ್ಟು ಅಲ್ಲೇ ಕೂತಿರುತ್ತದೆ. ಅದನ್ನು ಖಾಲಿ ಮಾಡಲು ಸ್ಕ್ರೂಡ್ರೈವರಿಗೆ ವೈರ್ ಕಟ್ಟಿ, ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಅರ್ಥ್ ಪಟ್ಟಿಗೆ ಸಿಕ್ಕಿಸಿ, ಟೋಪಿಯ ಕೆಳಗೆ ತೂರಿಸಬೇಕು. ಶಾಕ್ ಹೊಡೆದರೂ ಎದೆ ಹಾದು ಹೋಗದಿರಲಿ ಅಂತ ಒಂದು ಕೈ ಜೇಬಿನಲ್ಲಿರಬೇಕು. ನಾನು ತೋಟದ ಗಮ್‌ಬೂಟ್ ಬೇರೆ ಹಾಕಿಕೊಂಡಿದ್ದೆ. ಎಡಗೈ ಜೇಬಿನಲ್ಲಿ, ಬಲಗೈ 20,000 ವೋಲ್ಟಿನ ಬಾಗಿಲಲ್ಲಿ. ಅದೇ ಹೊತ್ತಿಗೆ ಬೂಟಿನೊಳಗೆ ಏನೋ ತಣ್ಣಗೆ ಮೀನಖಂಡ ಹತ್ತತೊಡಗಿತು. ಜಿಗಣೆ! ಅಲ್ಲಾಡುವ ಹಾಗಿಲ್ಲ, ತುರಿಸುವ ಹಾಗಿಲ್ಲ. 'ಟಿಕ್' ಅಂತ ಸಣ್ಣ ಕಿಡಿ ಹಾರುವಷ್ಟರಲ್ಲಿ ಅದು ಊಟ ಮುಗಿಸಿತ್ತು.

ಹಳೆಯದನ್ನು ಕೀಳುವ ಮೊದಲು ಫೋಟೊ ತೆಗೆದಿಟ್ಟುಕೊಂಡಿದ್ದೆ. ಕರೆಂಟ್ ಇರಲಿಲ್ಲ, ಮೊಬೈಲ್ ಲೆನ್ಸಿಗೆ ಮಂಜು ಹಿಡಿದಿತ್ತು. ಈಗ ನೋಡಿದರೆ ಫೋಟೊದಲ್ಲಿ ಬರೀ ಮಡಿಕೇರಿಯ ಹವಾಮಾನ! ಕೆಪಾಸಿಟರಿನ ಮೈಮೇಲಿನ ಪಟ್ಟಿ ಮೈನಸ್ ಅಂತ ಗೊತ್ತು. ಬೋರ್ಡಿನ ಮೇಲಿನ ಗುರುತು ಪ್ಲಸ್ಸೋ ಮೈನಸ್ಸೋ? ಸುಮ್ನೆ ಅಂದಾಜಿನ ಮೇಲೆ ಬೆಸುಗೆ ಹಾಕಿದೆ.

ಸ್ವಿಚ್ ಹಾಕಿದೆ. ಹತ್ತು ಸೆಕೆಂಡ್ ಶಾಂತಿ. ಆಮೇಲೆ 'ಢಂ!' ಬಿಳಿ ಹೊಗೆ, ಕಾಗದದ ಚೂರು. ಬೆಕ್ಕು ಅಟ್ಟದಲ್ಲಿ. ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಪಕ್ಕದ ತೋಟದ ಮಾವ ಲೋಟ ಹಿಡಿದುಕೊಂಡೇ ಒಳಗೆ ಓಡಿ ಬಂದರು. "ಗರ್ನಾಲ್ ಹೊಡೆದದ್ದು ಯಾರು? ಆನೆ ಯಾವ ಕಡೆ ಹೋಯಿತು?"

ಪುಣ್ಯಕ್ಕೆ ಅಂಥದೇ ಇನ್ನೊಂದು ಕೆಪಾಸಿಟರ್ ಜಾಸ್ತಿ ತಂದಿದ್ದೆ, ಫ್ಯೂಸೂ ಇತ್ತು. ಈ ಸಲ ತಿರುಗಿಸಿ ಹಾಕಿದೆ. ಚಿತ್ರ ಪರದೆ ತುಂಬಾ ನೆಟ್ಟಗೆ ನಿಂತಿತು. ವಾಸನೆಯೂ ಹೋಗಿತ್ತು. ಅಟ್ಟದಿಂದ ಇಳಿದ ಬೆಕ್ಕು ಒಮ್ಮೆ ಮೂಸಿ ನೋಡಿ, ಒಲೆ ಕಡೆ ನಡೆಯಿತು.

ಅಮ್ಮನೂ ಬಂದು ಮೂಸಿದರು. "ಅಂತೂ ಪೂರ್ತಿ ತಿಂದು ಮುಗಿಸಿದ್ದೀಯ, ಅಲ್ವಾ?"