‘ಬೋಂ ಕುರಾಜ್’ ಅಂತೆ!

ಮೂರು ದಿನ. ಮೂರು ದಿನ ನೆರೆಮನೆಯ ಆ ತಾತ ಬೇಲಿಗೆ ಮೊಳಕೈ ಊರಿಕೊಂಡು ನಿಂತಿದ್ದರು. ನಾವು ಸಿಮೆಂಟ್ ಕಲಸುವುದು, ಬಕೆಟ್ಟಿನಲ್ಲಿ ಹೊರುವುದು, ನಾವು ಕೊಂಡ ಹಳೇ ಮನೆಯ ಒಳಗೋಡೆಗೆ ಬಳಿಯುವುದು, ಎಲ್ಲ ನೋಡಿದರು. ಸಂಜೆ ಹೊರಡುವಾಗ ‘ಬೋಂ ಕುರಾಜ್’ ಅನ್ನುವರು. ಧೈರ್ಯವಾಗಿರಿ, ಒಳ್ಳೆಯದಾಗಲಿ ಅನ್ನೋ ಹಾಗೆ. ನಾನು ಹಲ್ಲು ಕಿರಿದು ‘ಮೆರ್ಸಿ’ ಅಂದೆ. ಫ್ರಾನ್ಸಿನ ಈ ಪೆರಿಗೋರ್ ಕಡೆಯ ಜನ ಎಷ್ಟು ಒಳ್ಳೆಯವರು ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೆ ಬೇರೆ.

ಇವತ್ತು ಮೇಸ್ತ್ರಿ ಬಂದಿದ್ದರು. ಏಳು ವಾರ ಕಾದ ಮೇಲೆ. ಖರ್ಚಿನ ಅಂದಾಜು ಪಟ್ಟಿಗೆ ಇಲ್ಲಿ ‘ದೆವಿ’ ಅಂತಾರೆ. ನಮ್ಮೂರ ದೇವಿಯೇ ಇದಕ್ಕಿಂತ ಬೇಗ ಪ್ರತ್ಯಕ್ಷ ಆಗ್ತಾಳೆ. ಹೋಗಲಿ.

ಅವರು ಏನೂ ಮಾತಾಡಲಿಲ್ಲ. ಜೇಬಿನಿಂದ ಕೀಲಿಕೈ ತೆಗೆದು ಗೋಡೆಯನ್ನು ಟಕ್ ಟಕ್ ಅಂತ ಬಡಿದರು. ಟೊಳ್ಳು ಸದ್ದು. ಸ್ವಲ್ಪ ಗೀರಿದರು. ನಾನು ಎರಡು ಕೋಟ್ ಹೊಡೆದಿದ್ದ ಕೆನೆ ಬಣ್ಣ, ಅದರ ಹಿಂದಿನ ಸಿಮೆಂಟ್, ಅಂಗೈಯಗಲದ ಚಕ್ಕೆ ಹಾಗೇ ಕಳಚಿ ಬಿತ್ತು. ಹಿಂದೆ ಕಲ್ಲಿನ ಮೇಲೆ ಬಿಳಿ ಉಪ್ಪು, ಒದ್ದೆ. ‘ಇದು ಯಾರು ಮಾಡಿದ್ದು?’ ಅಂತ ಕೇಳಿದರು.

ನಾನು ಏನಂದೆ ಗೊತ್ತಾ? ‘ಹಳೇ ಮಾಲೀಕರು.’

ಯಾಕೆ ಹಾಗಂದೆನೋ ಗೊತ್ತಿಲ್ಲ. ಬಾಯಿಗೆ ಬಂತು. ಅವರು ತಲೆಯಾಡಿಸಿ ಮೂಲೆಗೆ ಹೋದರು. ಅಲ್ಲಿ ಬಗ್ಗಿದರು. ಹಸಿ ಸಿಮೆಂಟಿನಲ್ಲಿ ನಮ್ಮ ಮಗಳು ಒತ್ತಿದ್ದ ಪುಟ್ಟ ಅಂಗೈ. ಪಕ್ಕದಲ್ಲಿ ಮೊಳೆಯಲ್ಲಿ ಗೀಚಿದ 2024. ಅದರ ಮೇಲೆ ಬೆರಳಿಟ್ಟು ಒಂದು ಕ್ಷಣ ಸುಮ್ಮನಿದ್ದರು. ಅಷ್ಟರಲ್ಲಿ ಮಗಳು ಓಡಿ ಬಂದು, ನನಗಿಂತ ನೂರು ಪಾಲು ಚೆಂದದ ಫ್ರೆಂಚಿನಲ್ಲಿ, ‘ಅದು ನನ್ನ ಕೈ! ಅಮ್ಮನೇ ಒತ್ತು ಅಂದಿದ್ದು!’ ಅಂದಳು.

‘ಆ ಬೋಂ?’ ಅಂದರು ಮೇಸ್ತ್ರಿ. ‘ಹೌದಾ?’ ಅಷ್ಟೇ. ಬೈದಿದ್ದರೂ ಆಗ್ತಿತ್ತು. ಟೇಪು ಹಿಡಿದು ಗೋಡೆ ಅಳೆಯತೊಡಗಿದರು. ನಮ್ಮನೆಯವರು ಕಾಫಿ ಮಾಡುತ್ತೇನೆ ಅಂತ ಅಡುಗೆಮನೆ ಸೇರಿದವರು ಈಚೆ ಬರಲೇ ಇಲ್ಲ. ಬಾಗಿಲಲ್ಲಿ ಯಾರು? ತಾತ! ಮೇಸ್ತ್ರಿಯ ಗಾಡಿ ನೋಡಿ ಬಂದಿದ್ದರು. ಇಬ್ಬರೂ ಕೈಕುಲುಕಿದರು. ತಾತ ಗೋಡೆ ನೋಡಿ, ‘ಹೂಂ, ಅರವತ್ತು ಸೆಂಟಿಮೀಟರ್ ದಪ್ಪದ ಹಳೇ ಕಲ್ಲಿನ ಗೋಡೆ. ಸಿಮೆಂಟ್ ಹಾಕಿದರೆ ಉಸಿರು ಕಟ್ಟುತ್ತೆ. ಸುಣ್ಣವೇ ಆಗಬೇಕು’ ಅಂದರು.

ಗೊತ್ತಿತ್ತು! ತಾತನಿಗೆ ಗೊತ್ತಿತ್ತು!

ನೆಲದ ತೇವ ಕಲ್ಲಿನೊಳಗೆ ಮೇಲೇರುತ್ತದಂತೆ. ಸುಣ್ಣದ ಗಾರೆ ಇದ್ದರೆ ಆ ತೇವ ಆರಿ ಹೋಗುತ್ತದಂತೆ. ಸಿಮೆಂಟ್ ಮುಚ್ಚಿದರೆ ಒಳಗೇ ಸಿಕ್ಕಿಕೊಂಡು ಉಪ್ಪು ಕಕ್ಕುತ್ತದಂತೆ. ಇಷ್ಟೇ ವಿಷಯ. ಮೂರು ವಾಕ್ಯ. ಮೂರು ದಿನದಲ್ಲಿ ದಿನಕ್ಕೊಂದು ವಾಕ್ಯ ಹೇಳಿದ್ದರೂ ಸಾಕಿತ್ತು, ಅಲ್ವಾ?

ಇದೇ ದೇಶ ಕಿಟಕಿಯ ಹೊರಗಿನ ಮರದ ಬಾಗಿಲಿಗೆ ನೀಲಿ ಬಳಿಯುತ್ತೇನೆ ಅಂದರೆ ಅರ್ಜಿ ಹಾಕು ಅನ್ನುತ್ತದೆ. ಈ ಊರ ಚರ್ಚು ರಕ್ಷಿತ ಕಟ್ಟಡ. ಅದರ ಸುತ್ತ 500 ಮೀಟರ್ ಒಳಗಿನ ಮನೆಗಳ ಹೊರ ನೋಟಕ್ಕೆ ಸರ್ಕಾರಿ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕು. 1943ರ ಕಾನೂನು. ಎರಡು ತಿಂಗಳು ಕಾಯಬೇಕು. ನಾನು ಕಾದೆ, ಬಣ್ಣದ ಚೀಟಿ ಅಂಟಿಸಿ, ಫೋಟೋ ಹಚ್ಚಿ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಇಷ್ಟು ಕಾವಲು. ಒಳಗೆ ನಾನು ಗೋಡೆಯ ಕತ್ತು ಹಿಸುಕುತ್ತಿದ್ದರೆ ‘ಬೋಂ ಕುರಾಜ್’!

ಸರಿ, ತಾತನದೇನು ತಪ್ಪು? ನಾನು ಕೇಳಿದ್ದೆನಾ? ಕೇಳಲಿಲ್ಲ. ಅವರಾಗೇ ಬಂದು ಹೇಳಿದ್ದರೆ, ‘ನೋಡು, ನಮಗೆ ಬುದ್ಧಿ ಹೇಳೋಕೆ ಬಂದ’ ಅಂತ ರಾತ್ರಿಯೆಲ್ಲ ಉರಿದುಕೊಳ್ಳುತ್ತಿದ್ದವಳೂ ನಾನೇ. ಆದರೂ! ಒಂದು ಮಾತು!

ಅಪ್ಪನಿಗೆ ಫೋನ್ ಮಾಡಿದೆ, ಸಮಾಧಾನ ಹೇಳಲಿ ಅಂತ. ‘ಕಲ್ಲಿನ ಗೋಡೆಗೆ ಸಿಮೆಂಟ್ ಬಳಿದ್ಯಾ ಮಾರಾಯ್ತಿ? ತೀರ್ಥಹಳ್ಳಿ ಮನೆಗೆ ನಿನ್ನಜ್ಜ ಸುಣ್ಣ ಕೊಳೆಹಾಕಿ, ಬೆಲ್ಲದ ನೀರು ಸೇರಿಸಿ ಗಾರೆ ಅರೆಸಿದ್ದು ಮರೆತೋಯ್ತಾ?’ ಅಂದರು. ವೀಡಿಯೋ ಕಾಲಿನಲ್ಲಿ ನಮ್ಮ ಸಿಮೆಂಟ್ ಚೀಲ ನೋಡಿ ‘ಭೇಷ್’ ಅಂದಿದ್ದು ಇದೇ ಅಪ್ಪ!

ನಾನೂ ಗಾರೆ ಮನೆಯಲ್ಲೇ ಬೆಳೆದವಳು. ಆ ಗೋಡೆಗೆ ಕೆನ್ನೆ ಒತ್ತಿ ತಂಪು ಮಾಡಿಕೊಂಡವಳು. ಎಂಟು ಸಾವಿರ ಕಿಲೋಮೀಟರ್ ಬಂದು ಅದೇ ಪಾಠಕ್ಕೆ ದುಡ್ಡು ಕೊಡುತ್ತಿದ್ದೇನೆ. ಯಾರಾದರೂ ಹೇಳಿ, ಇದಕ್ಕೆ ಏನಂತ ಕರೆಯಬೇಕು?

ಆಗಸ್ಟ್ ಪೂರ್ತಿ ಮೇಸ್ತ್ರಿಗೆ ರಜೆ. ಅಷ್ಟರೊಳಗೆ ಸಿಮೆಂಟೆಲ್ಲ ನಾವೇ ಕೆತ್ತಿ ತೆಗೆಯಬೇಕಂತೆ. ಮಗಳು ತನ್ನ ಅಂಗೈ ತೆಗೆಯಬೇಡಿ ಅಂತ ಅಳುತ್ತಿದ್ದಾಳೆ. ಎರಡು ಚೀಲ ಸಿಮೆಂಟ್ ಹಾಗೇ ಉಳಿದಿದೆ. ಕತ್ತಲಾದ ಮೇಲೆ ತಾತನ ಗೇಟಿನ ಮುಂದೆ ಇಟ್ಟು ಬಂದುಬಿಡಲಾ ಅಂತ ಯೋಚಿಸುತ್ತಿದ್ದೇನೆ.