ಕಾಗದ ಪತ್ರ ಎಲ್ಲ ಸರಿಯಾಗಿಯೇ ಇತ್ತು

ಆಸ್ಟ್ರೇಲಿಯಾದಲ್ಲಿ ನೆಲ ಯಾರದ್ದು ಅನ್ನೋದರ ಬಗ್ಗೆ ಭಾಷಣದಲ್ಲಿ ಜಗಳವೇ ಇಲ್ಲ. ಸರ್ಕಾರಿ ಸಭೆ ಇರಲಿ, ಕಂಪನಿ ಸಭೆ ಇರಲಿ, ಮೊದಲು ಆ ನೆಲದ ಮೂಲ ಒಡೆಯರಿಗೆ ಗೌರವ ಸಲ್ಲಿಸುತ್ತಾರೆ. ಆಮೇಲೆ ಅದನ್ನು ಎಷ್ಟು ಆಳ ಅಗೆಯೋಣ ಅಂತ ಚರ್ಚೆ.

ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಜೂಕನ್ ಕಣಿವೆ ಇದೆ. ಪುಟು ಕುಂಟಿ ಕುರ್ರಮ ಮತ್ತು ಪಿನಿಕುರ ಜನರ ಜಾಗ. ಅಲ್ಲಿನ ಕಲ್ಲಾಸರೆಯಲ್ಲಿ, ಅಂದರೆ ಬಂಡೆಯಡಿಯ ಗುಹೆಯಂಥ ತಾಣದಲ್ಲಿ, ಮನುಷ್ಯರು ಇದ್ದದ್ದಕ್ಕೆ 46,000 ವರ್ಷದ ಗುರುತು. ಆದರೆ ಅಲ್ಲಿ ಕಬ್ಬಿಣದ ಅದಿರೂ ಇತ್ತು.

2013ರಲ್ಲಿ ರಿಯೊ ಟಿಂಟೊ ಎಂಬ ಗಣಿ ಕಂಪನಿಗೆ ಆ ಕಲ್ಲಾಸರೆಯನ್ನು ಕೆಡವಲು ಮಂತ್ರಿಗಳ ಒಪ್ಪಿಗೆ ಸಿಕ್ಕಿತು. ಯಾವ ಕಾನೂನಿನಡಿ? 1972ರ ಮೂಲನಿವಾಸಿ ಪರಂಪರೆ ಕಾಯ್ದೆ, 18ನೇ ಸೆಕ್ಷನ್. ಬೇಲಿಗೇ ಮೇಯುವ ಲೈಸೆನ್ಸು! ಕೆಡವಲು ಒಪ್ಪಿಗೆ ಬಂದ ಮೇಲೆ, 2014ರಲ್ಲಿ, ಒಳಗೇನಿದೆ ಅಂತ ಅಗೆದು ನೋಡಿದರು. ಹಲವರ ತಲೆಗೂದಲು ಸೇರಿಸಿ ಹೆಣೆದ 4,000 ವರ್ಷ ಹಳೆಯ ಜಡೆಯ ತುಂಡು ಸಿಕ್ಕಿತು. ಡಿಎನ್‌ಎ ಪರೀಕ್ಷೆಯಲ್ಲಿ ಅದು ಈಗಿನ ಜನರ ಹಿರಿಯರದ್ದೇ ಅಂತ ಗೊತ್ತಾಯಿತು. ಒಪ್ಪಿಗೆ ರದ್ದಾಗಬೇಕಿತ್ತು ಅಲ್ವಾ? ಏನೇ ಸಿಕ್ಕರೂ ಮರುಪರಿಶೀಲನೆಗೆ ಕಾಯ್ದೆಯಲ್ಲಿ ದಾರಿಯೇ ಇರಲಿಲ್ಲ. ಮೇಲ್ಮನವಿಯ ಹಕ್ಕು ಇತ್ತು, ಗಣಿಯವರಿಗೆ.

2020ರ ಮೇ ತಿಂಗಳಲ್ಲಿ ಆ ಜನ, ಜುಲೈಯಲ್ಲಿ ಅಲ್ಲಿಗೆ ಹೋಗಿಬರ್ತೀವಿ ಅಂತ ಕೇಳಿದರು. ಸ್ಫೋಟದ ಸುದ್ದಿ ಗೊತ್ತಾಗಿದ್ದೇ ಆಗ. ನಿಲ್ಲಿಸಿ ಅಂದರೆ, ಮದ್ದು ತುಂಬಿಯಾಗಿದೆ, ತೆಗೆಯೋದು ಅಪಾಯ ಅಂದರು. ಆದರೆ ಪಕ್ಕದ ಕೆಲವು ಕುಳಿಗಳ ಮದ್ದು ಮಾತ್ರ ಸಲೀಸಾಗಿ ಹೊರಗೆ ಬಂತು. ಯಾಕೆಂದರೆ ಅಲ್ಲಿ ಹಾಳಾಗುವ ಜಾಗಗಳಿಗೆ ಪರ್ಮಿಟ್ ಇರಲಿಲ್ಲ. ಕಾಗದ ಇಲ್ಲದೆ ಏನನ್ನೂ ಒಡೆಯದ ಶಿಸ್ತಿನ ಕಂಪನಿ. ಮೇ 24ಕ್ಕೆ, ಮೂಲನಿವಾಸಿಗಳ ಜೊತೆ ಸಾಮರಸ್ಯ ಸಾರುವ ಅಲ್ಲಿನ ಸಪ್ತಾಹಕ್ಕೆ ಮೂರು ದಿನ ಇರುವಾಗ, ಸಿಡಿಸಿದರು. ನಿಮಗಾದ ನೋವಿಗೆ ಕ್ಷಮಿಸಿ ಅಂದರು. ಷೇರುದಾರರು ಸಿಟ್ಟಾದ ಮೇಲೆ ಮುಖ್ಯಸ್ಥರು ಕುರ್ಚಿ ಬಿಟ್ಟರು. ಬೋನಸ್ ಕತ್ತರಿಸಿದರೂ ಆ ವರ್ಷ ಅವರಿಗೆ ಸಿಕ್ಕ ಒಟ್ಟು ಹಣ ಹಿಂದಿನ ವರ್ಷಕ್ಕಿಂತ ಜಾಸ್ತಿಯೇ.

ಇನ್ನು ಮುಂದೆ ಹೀಗಾಗಬಾರದು ಅಂತ ಹೊಸ ಕಾಯ್ದೆ ಮಾಡಿದರು. 2023ರ ಜುಲೈ 1ಕ್ಕೆ ಜಾರಿ. ಬೇಲಿ ಕಂಬ ನೆಡೋಕೂ ಪರ್ಮಿಟ್ ಬೇಕಾ ಅಂತ ರೈತರು, ಜಮೀನಿನವರು ಗಲಾಟೆ ಎಬ್ಬಿಸಿದರು. ಆಗಸ್ಟ್ 8ಕ್ಕೆ ಸರ್ಕಾರ ಶರಣಾಯಿತು. 1972ರ ಕಾಯ್ದೆಗೇ ತೇಪೆ ಹಾಕಿ ವಾಪಸ್ ತಂದರು. ಈ ಸಲ ಮೇಲ್ಮನವಿಯ ಹಕ್ಕು ಮೂಲನಿವಾಸಿಗಳಿಗೂ ಉಂಟು, 18ನೇ ಸೆಕ್ಷನ್ನೂ ಉಂಟು. ರಾಜ್ಯದ ಪ್ರೀಮಿಯರ್, ಅಂದರೆ ನಮ್ಮಲ್ಲಿನ ಮುಖ್ಯಮಂತ್ರಿಯಂಥವರು, ರೋಜರ್ ಕುಕ್ ಕ್ಷಮೆಯನ್ನೂ ಕೇಳಿದರು. ಕೆಡವಿದ್ದಕ್ಕಲ್ಲ, ಕಾಯುವ ಕಾಯ್ದೆ ತಂದು ಜನರಿಗೆ ಗೊಂದಲ ಮಾಡಿದ್ದಕ್ಕೆ.