ಸನ್ನೆ ಮಾಡಿ ಹೇಳಿದ್ದರೆ ನನ್ನ ತಮ್ಮ ಮೊದಲ ಸಲವೇ ಪಾಸಾಗುತ್ತಿದ್ದ

ಡ್ರೈವಿಂಗ್ ಟೆಸ್ಟಿನಲ್ಲಿ ವಿಶೇಷ ಅಗತ್ಯ ಇರುವವರಿಗೆ ಅನುಕೂಲ ಮಾಡಿಕೊಡಬೇಕು ಅಂತ ಬರೆದಿದ್ದೀರಿ. ಓದಿ ಮನಸ್ಸು ತುಂಬಿ ಬಂತು. ನಾವು ಬಾಗಲಕೋಟೆಯವರು. ನನ್ನ ತಮ್ಮನಿಗೆ ಕಿವಿ ಬಹಳ ಮಂದ. ನವನಗರದ ಅಗಲ ರಸ್ತೆಗಳಲ್ಲಿ ದಿನಾ ಬೆಳಿಗ್ಗೆ, ಎರಡು ತಿಂಗಳು ಕಾರು ಕಲಿತ. ಹಾರ್ನ್ ಸರಿಯಾಗಿ ಕೇಳಿಸಲ್ಲ ಅಲ್ವಾ, ಹಾಗಾಗಿ ಕನ್ನಡಿ ನೋಡುವುದರಲ್ಲಿ ನನಗಿಂತ ಅವನೇ ಜಾಸ್ತಿ ಹುಷಾರು.

ಟೆಸ್ಟಿನ ದಿನ ಅಧಿಕಾರಿ ದೂರ ನಿಂತು "ರಿವರ್ಸ್ ತಗೊ" ಅಂತ ಕೂಗಿದರು. ಇವನಿಗೆ ಕೇಳಿಸಲಿಲ್ಲ, ಮುಂದೆ ಹೋದ. ಫೇಲ್. ನಾನು ಓಡಿಹೋಗಿ ಹೇಳಿದರೂ "ರೂಲ್ಸ್ ಎಲ್ಲರಿಗೂ ಒಂದೇ" ಅಂದರು. ಏಳು ದಿನ ಬಿಟ್ಟು ಮತ್ತೆ ಹೋದೆವು. ಆವತ್ತು ಬೇರೆ ಸಾಹೇಬರಿದ್ದರು. ಮೊದಲೇ ಹಾಳೆ ಮೇಲೆ ಟ್ರ್ಯಾಕ್ ಬರೆದು ತೋರಿಸಿದರು, ಯಾವ ಕೈಸನ್ನೆ ಯಾವುದಕ್ಕೆ ಅಂತ ಹೇಳಿಕೊಟ್ಟರು. ಎರಡು ನಿಮಿಷದ ಕೆಲಸ. ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಟ್ರ್ಯಾಕಿನಲ್ಲಿ ಒಂದು ಕಂಬಕ್ಕೂ ತಾಗಿಸದೆ ಬಂದ.

ಇದು ರಿಯಾಯಿತಿ ಅಲ್ಲ. ಗಾಡಿ ಓಡಿಸುವ ಮಟ್ಟ ಎಲ್ಲರಿಗೂ ಒಂದೇ ಇರಲಿ, ಹೇಳುವ ರೀತಿ ಮಾತ್ರ ಬದಲಾಗಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಡಿಸ್ಲೆಕ್ಸಿಯಾ ಥರದ ಓದುವ ತೊಂದರೆಯೂ ಇದೆ. ಹಾಗಿದ್ದ ಮೇಲೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳುವವರೊಬ್ಬರು, ಇಲ್ಲವೇ ಹೆಡ್‌ಫೋನ್ ಇರಬೇಕು. ಕಾಲಿನ ತೊಂದರೆ ಇರುವವರು ತಮಗಾಗಿ ಮಾರ್ಪಡಿಸಿದ ಗಾಡಿಯಲ್ಲೇ ಟೆಸ್ಟ್ ಕೊಡಬಹುದು ಅನ್ನೋದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಅರ್ಜಿಯಲ್ಲೇ "ನಿಮಗೆ ಏನು ಸಹಾಯ ಬೇಕು" ಅಂತ ಒಂದು ಕಾಲಂ ಇಡಲಿ. ಆಗ ಟೆಸ್ಟಿನ ಹೊತ್ತಲ್ಲಿ ಎಲ್ಲರ ಮುಂದೆ ಬೇಡಿಕೊಳ್ಳುವುದು ತಪ್ಪುತ್ತದೆ.